ಶಿರಸಿಯಿಂದ ಸಿಂಗಾಪುರಕ್ಕೆ: ಅತ್ತೆ, ಮಕ್ಕಳ ಜೊತೆ ಹೊರಡುವಾಗ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ವಿಮಾನ. ಅತ್ತೆಗೆ 74, ಮಂಡಿನೋವು, ಇನ್ಸುಲಿನ್ ಬೇರೆ, ಕವಳ (ತಂಬಾಕು ಸೇರಿಸಿದ ಎಲೆ-ಅಡಿಕೆ) ಬಿಟ್ಟಿರುವವರಲ್ಲ. ಮಕ್ಕಳಿಗೆ 4 ಮತ್ತು 9.

ಉತ್ತರ 1: ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು, ಚೀಲ ತಪ್ಪಿದರೆ ಔಷಧವೂ ಹೋಯಿತು. ಡಾಕ್ಟರ ಚೀಟಿ ಜೊತೆಗಿರಲಿ. ಅಲ್ಲಿನ ಗಡಿಯಾರ ಎರಡೂವರೆ ತಾಸು ಮುಂದೆ, ಹಾಗಾಗಿ ಡೋಸಿನ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ವ್ಹೀಲ್‌ಚೇರನ್ನು ಟಿಕೆಟ್ ಮಾಡುವಾಗಲೇ ಹೇಳಿಡಿ. ತೀರಾ ತಡವೆಂದರೆ 48 ತಾಸು ಮೊದಲು.

ಉತ್ತರ 2: ಕವಳದ್ದೇ ದೊಡ್ಡ ಚಿಂತೆ. ಜಗಿಯುವ ತಂಬಾಕು ಸಿಂಗಾಪುರದಲ್ಲಿ ನಿಷಿದ್ಧ, ಒಂದು ಎಸಳೂ ಬೇಡ. ಅತ್ತೆಯವರ ಸಂಚಿಯನ್ನು ಮಗುಚಿ, ಹೊಲಿಗೆಯ ಸಂದಿಯವರೆಗೆ ಕೊಡವಿ ನೋಡಿ. ಒಣಕೊಬ್ಬರಿಯನ್ನೂ ಮನೆಯಲ್ಲೇ ಬಿಡಿ, ಎಣ್ಣೆಯಂಶದಿಂದ ಹೊತ್ತಿಕೊಳ್ಳುತ್ತದೆಂದು ಲಗೇಜಿನಿಂದ ತೆಗೆಸುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲಕ್ಕೆ ಹಾಕಲೇಬೇಡಿ. ಪವರ್ ಬ್ಯಾಂಕ್ ಮಾತ್ರ ಕೈಚೀಲಕ್ಕೇ.

ಉತ್ತರ 3: ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕಷ್ಟೇ, ಈಗಲೇ ತೆಗೆದು ನೋಡಿ, 6 ತಿಂಗಳ ಅವಧಿ ಉಳಿದಿರಬೇಕು. ವೀಸಾ ಬೇರೆ, ಅರೈವಲ್ ಕಾರ್ಡ್ (ಸಿಂಗಾಪುರಕ್ಕೆ ಬರುವವರು ಆನ್‌ಲೈನಿನಲ್ಲಿ ತುಂಬುವ ಫಾರ್ಮು) ಬೇರೆ. ಕಾರ್ಡನ್ನು ಇಳಿಯುವ ಮೊದಲೇ, ಇಳಿಯುವ ದಿನವೂ ಸೇರಿ ಹಿಂದಿನ 3 ದಿನದೊಳಗೆ, ಪುಟ್ಟ ಮಗುವಿಗೂ ತುಂಬಬೇಕು. ಅದು ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರಿ ಜಾಲತಾಣವಲ್ಲ.