ಸಹಾಯ ಬೇಕು: ಒಂದೇ ಕೋಣೆ, ನನಗೆ ಮಾತ್ರ ಚಳಿ

ಎಲ್ಲರಿಗೂ ನಮಸ್ಕಾರ. ಕೋಣೆಯಲ್ಲಿ 20 ಡಿಗ್ರಿ. ನಾನು ಸ್ವೆಟರ್, ಕಾಲುಚೀಲ ಹಾಕಿಕೊಂಡು ಮುದುಡಿ ಕೂತಿದ್ದೇನೆ. ಪಕ್ಕದಲ್ಲೇ ನಮ್ಮ ಯಜಮಾನರು ಬನಿಯನ್‌ನಲ್ಲಿ ಆರಾಮಾಗಿದ್ದಾರೆ, ಫ್ಯಾನ್ ಬೇರೆ ಬೇಕಂತೆ! ನನ್ನ ಬೆರಳು ಮುಟ್ಟಿದರೆ ಮಂಜುಗಡ್ಡೆ.

ಸ್ನಾಯು ಕಡಿಮೆ ಇದ್ದವರಿಗೆ ಮೈಯಲ್ಲಿ ಹುಟ್ಟುವ ಶಾಖವೂ ಕಡಿಮೆ ಅಂತ ಗೊತ್ತು. ದಿನಾ ಕೆಲವು ಗಂಟೆ ತಂಪಿನಲ್ಲಿದ್ದರೆ ಒಂದೆರಡು ವಾರದಲ್ಲಿ ನಡುಕ ತಗ್ಗುತ್ತದೆ, ಮೈಯಲ್ಲಿರುವ ಕಂದು ಕೊಬ್ಬು ಚುರುಕಾಗಿ ಶಾಖ ಕೊಡುತ್ತದೆ ಅಂತಲೂ ಓದಿದೆ. ಸುಮ್ನೆ ತಣ್ಣೀರು ಸ್ನಾನ ಶುರು ಮಾಡಿ ಮೂರನೇ ದಿನಕ್ಕೇ ಕೈಬಿಟ್ಟೆ.

ಯಾರಾದರೂ ಹೀಗೆ ಚಳಿಗೆ ಮೈ ಒಗ್ಗಿಸಿಕೊಂಡಿದ್ದೀರಾ? ಹೇಗೆ ಶುರು ಮಾಡಿದಿರಿ, ಎಷ್ಟು ದಿನ ಹಿಡಿಯಿತು? ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಆಗಿದೆ, ಎರಡೂ ಸರಿಯಿದೆ. ‘ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ’ ಅನ್ನೋ ಸಲಹೆ ಮಾತ್ರ ಬೇಡ, ಬೀರು ಖಾಲಿಯಾಗಿದೆ.