ಸಹಾಯ ಬೇಕು: ಫ್ಯಾಟ್32 ಡ್ರೈವ್‌ನಲ್ಲಿ 4 ಜಿಬಿ ಮಿತಿಯನ್ನು ಮೊದಲೇ ಪತ್ತೆಹಚ್ಚೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿ ಬಳಸೋ ಒಂದು ಬ್ಯಾಕಪ್ ಸಾಫ್ಟ್‌ವೇರ್ ಹೊರಗಿನ ಡ್ರೈವ್‌ಗೆ ದೊಡ್ಡ ಟಾರ್ ಫೈಲ್ (ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟಿದ್ದು) ಬರೆದು 'ಯಶಸ್ವಿ' ಅಂತ ತೋರಿಸ್ತು. ತೆರೆಯಲು ಹೋದರೆ ಫೈಲ್ ಅರ್ಧಕ್ಕೇ ನಿಂತಿದೆ. ಗಾತ್ರ ನೋಡಿದೆ: ಸರಿಯಾಗಿ 4,29,49,67,295 ಬೈಟ್! ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಈ ಡ್ರೈವ್‌ನಲ್ಲಿರೋ ಫ್ಯಾಟ್32 ಅನ್ನೋ ಹಳೇ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡೋ ವಿಧಾನ) ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲೇ ಬರೆದಿಡುತ್ತೆ, ಅದಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿ ಹಿಡಿಸಲ್ಲ. ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ, ಅದು ಬೇರೆ ಮಾತು.

ಕರ್ನಲ್ (ಲಿನಕ್ಸ್‌ನ ತಿರುಳು) ತಪ್ಪು ಮಾಡಿಲ್ಲ. ಮಿತಿ ಬರೋವರೆಗೆ ಹಿಡಿಸಿದಷ್ಟು ಬರೆದು, ಮುಂದಿನ ರೈಟ್‌ಗೆ 'ಇಎಫ್‌ಬಿಐಜಿ' (ಫೈಲ್ ತುಂಬಾ ದೊಡ್ಡದಾಯ್ತು) ದೋಷ ಕೊಡುತ್ತೆ. ಈ ಸಾಫ್ಟ್‌ವೇರ್ ಅದನ್ನು ನೋಡೋದೇ ಇಲ್ಲ ಅನ್ಸುತ್ತೆ. ಬ್ಯಾಕಪ್ ತಂತ್ರಾಂಶಕ್ಕೆ ಇಷ್ಟೂ ಬೇಡವಾ?

ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿ ಅಂತ ದಯವಿಟ್ಟು ಹೇಳಬೇಡಿ. ಇದೇ ಡ್ರೈವನ್ನು ಓದಬೇಕಾದ ಹಳೇ ಸಾಧನಕ್ಕೆ ಫ್ಯಾಟ್32 ಬಿಟ್ಟು ಬೇರೇನೂ ಗೊತ್ತಿಲ್ಲ.

ಹಾಗಾಗಿ ನಾನೇ ಒಂದು ಪೈಥಾನ್ ಸ್ಕ್ರಿಪ್ಟ್ ಬರೀತಿದ್ದೀನಿ. 'ಸ್ಪ್ಲಿಟ್' ಕಮಾಂಡ್ ಥರ ಫೈಲನ್ನು ತುಂಡು ಮಾಡೋದು ಸುಲಭ, ಆದರೆ ಬೇಕಾದಾಗ ಮಾತ್ರ ಮಾಡ್ಬೇಕು. ಫೈಲ್ ಸಿಸ್ಟಮ್ ಯಾವುದು ಅಂತ ಕೇಳೋ 'ಸ್ಟ್ಯಾಟ್‌ಎಫ್‌ಎಸ್' ಕರೆ ಕೊಡೋ ಗುರುತು ಫ್ಯಾಟ್16 (ಇನ್ನೂ ಹಳೇದು), ಫ್ಯಾಟ್32 ಎರಡಕ್ಕೂ ಒಂದೇ, ಹಾಗಾಗಿ ಅದರಿಂದ ಯಾವುದು ಅಂತ ಖಚಿತವಾಗಲ್ಲ. ಸದ್ಯಕ್ಕೆ ಖಾಲಿ ಫೈಲ್ ಒಂದನ್ನು 'ಎಫ್‌ಟ್ರಂಕೇಟ್' (ಫೈಲಿನ ಗಾತ್ರ ಬದಲಿಸೋ ಕರೆ) ಮೂಲಕ 5 ಜಿಬಿಗೆ ಹಿಗ್ಗಿಸಿ, ದೋಷ ಬಂದರೆ ತುಂಡು ಮಾಡೋಣ ಅಂತಿದ್ದೀನಿ. ಇದನ್ನ ನಂಬಬಹುದಾ? ಡ್ರೈವ್ ಬೇರೆ ಕಂಪ್ಯೂಟರ್‌ನಲ್ಲಿದ್ದು ನೆಟ್‌ವರ್ಕ್ ಶೇರ್ ಮೂಲಕ ಮೌಂಟ್ ಆಗಿದ್ದರೂ (ಜೋಡಣೆಯಾಗಿದ್ದರೂ) ಇದೇ ದೋಷ ಬರುತ್ತಾ? ಮಾಡಿ ನೋಡಿದವರು ಯಾರಾದ್ರೂ ಇದ್ದರೆ ತಿಳಿಸಿ, ಕೋಡ್ ತುಣುಕು ಇದ್ದರಂತೂ ಇನ್ನೂ ಒಳ್ಳೇದು.