ಶಿವಗಂಗೆಯ ಗವಿಗಳು: ಮಂಡಿನೋವಿರುವವರು ಎಲ್ಲಿಯವರೆಗೆ ಹತ್ತಬಹುದು?

ಪ್ರಶ್ನೆ (ಹೊಸಪಯಣಿಗ):
ಅಮ್ಮನ್ನ ಶಿವಗಂಗೆಗೆ ಕರ್ಕೊಂಡು ಹೋಗ್ಬೇಕು. ವಯಸ್ಸು 68, ಮಂಡಿನೋವು ಇದೆ. ಗಂಗಾಧರೇಶ್ವರನ ಗವಿ, ಒಳಕಲ್ಲು ತೀರ್ಥ, ಪಾತಾಳಗಂಗೆ ಮೂರೂ ನೋಡೋಕಾಗುತ್ತಾ? ಸಂಕ್ರಾಂತಿ ದಿನ ಲಿಂಗದ ಮೇಲೆ ಬಿಸಿಲು ಬೀಳುತ್ತಂತೆ, ಅವತ್ತೇ ಹೋಗೋದು ಒಳ್ಳೇದಾ?

ಕಲ್ಲುಮೆಟ್ಟಿಲು:
ಗಂಗಾಧರೇಶ್ವರ, ಹೊನ್ನಾದೇವಿ ಗುಡಿ ಎರಡೂ ಗವಿಯೊಳಗೇ ಇವೆ, ಎರಡೂ ಬೆಟ್ಟದ ಕೆಳಭಾಗದಲ್ಲೇ. ಪಾತಾಳಗಂಗೆಯೂ ಕೆಳಗೇ. ಈ ಮೂರನ್ನು ಅಮ್ಮ ಕೂತು ಎದ್ದು ನಿಧಾನವಾಗಿ ನೋಡಬಹುದು. ಒಳಕಲ್ಲು ತೀರ್ಥ ಬೆಟ್ಟದ ಮಧ್ಯದಲ್ಲಿದೆ. ಅಲ್ಲಿಗೆ ಹೋಗುವ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಮಂಡಿಗೆ ಪೆಟ್ಟು ಬೀಳೋದು ಅದಕ್ಕೇ. ಹತ್ತೋದಕ್ಕಿಂತ ಇಳಿಯುವಾಗ ನೋವು ಜಾಸ್ತಿ. ಆದ್ದರಿಂದ ಹತ್ತೋಕಾಗುತ್ತಾ ಅಂತ ಕೇಳಬೇಡಿ, ಅಲ್ಲಿಂದ ಇಳಿಯೋಕಾಗುತ್ತಾ ಅಂತ ಕೇಳಿ. ಅಲ್ಲಿಂದ ಮೇಲೆ, ತುದಿಯ ಹತ್ತಿರದ ನಂದಿ ವಿಗ್ರಹದವರೆಗಿನ ದಾರಿ ಬಂಡೆಯಲ್ಲೇ ಕಡಿದ ಕಡಿದಾದ ಮೆಟ್ಟಿಲು, ಕಬ್ಬಿಣದ ಕಂಬಿ ಹಿಡಿದೇ ಹತ್ತಬೇಕು. ಅಮ್ಮನಿಗೆ ಅದು ಬೇಡವೇ ಬೇಡ.

ಬೆಳಗ್ಗೆ ಬೇಗ ಶುರು ಮಾಡಿ. ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತೆ, ಗುಡಿ ಮುಂದೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಡೋದೂ ಕಷ್ಟ. ಮಳೆ ಬಂದಿದ್ದರೆ ಒಳಕಲ್ಲಿನ ಆಸೆಯನ್ನೂ ಬಿಡಿ, ಸವೆದ ಕಲ್ಲು ಜಾರುತ್ತೆ.

ಗವಿಗನ್ನಡಿ:
ಬಿಸಿಲಿನ ವಿಷಯದಲ್ಲಿ ಎರಡು ಗುಡಿ ಸೇರಿಹೋಗಿವೆ. ಸಂಕ್ರಾಂತಿ ಸಂಜೆ ನಂದಿಯ ಕೊಂಬಿನ ನಡುವಿನಿಂದ ಬಿಸಿಲು ಹಾದು ಲಿಂಗದ ಮೇಲೆ ಬೀಳೋದು ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರನಲ್ಲಿ. ಶಿವಗಂಗೆಯಲ್ಲಿ ಸಂಕ್ರಾಂತಿಗೆ ನಡೆಯೋದು ಗಿರಿಜಾ ಕಲ್ಯಾಣ, ಬೆಟ್ಟದ ತುದಿಯ ತೀರ್ಥಕಂಬದ ನೀರು ಅದಕ್ಕೆ ಬರಬೇಕು. ಅವತ್ತಿನ ಜನಜಂಗುಳಿಯಲ್ಲಿ ಮಂಡಿನೋವಿನವರಿಗೆ ಕೂರೋಕೂ ಜಾಗ ಸಿಗಲ್ಲ. ಬೇರೆ ವಾರದ ದಿನ ಹೋಗಿ. ಎರಡೂ ಗುಡಿಯ ಹೆಸರು ಒಂದೇ ಆಗಿರೋದರಿಂದಲೇ ಇರಬೇಕು, ಶಿವಗಂಗೆಯಿಂದ ಗವಿಪುರಕ್ಕೆ ಸುರಂಗ ಇದೆ ಅನ್ನೋ ನಂಬಿಕೆಯೂ ಇದೆ.

ಒಳಕಲ್ಲಿಗೆ ನೀವಾದರೂ ಹೋಗಿ ಬನ್ನಿ. ಹಾಸುಬಂಡೆಯ ಕೆಳಗೆ ಬಗ್ಗಿ ಹೋಗಬೇಕು. ನೆಲದಲ್ಲಿ ಒರಳಿನ ಬಾಯಿಯಂಥ ಕುಳಿ, ಅದರೊಳಗೆ ಕೈ ಬಿಟ್ಟು ನೀರು ಮುಟ್ಟೋದು. ಪುಣ್ಯ ಮಾಡಿದವರಿಗೆ ಮಾತ್ರ ನೀರು ಸಿಗುತ್ತೆ ಅಂತಾರೆ. ನಿಂತು ಬಗ್ಗಿದರೆ ತೋಳು ಸಾಲಲ್ಲ. ಮಂಡಿಯೂರಿ, ಭುಜ ಕುಳಿಯ ಅಂಚಿಗೆ ತಾಗುವಷ್ಟು ಇಳಿಸಿ. ವಾಚು, ಬಳೆ ಮೊದಲೇ ತೆಗೆದಿಡಿ. ಅಂಗಿ ಜೇಬಿನ ಮೊಬೈಲನ್ನೂ ತೆಗೀರಿ, ಬಗ್ಗಿದ ತಕ್ಷಣ ಅದು ನಿಮಗಿಂತ ಮೊದಲು ಪುಣ್ಯ ಸಂಪಾದಿಸುತ್ತೆ.

ಹೊಸಪಯಣಿಗ:
ಸಂಕ್ರಾಂತಿ ಬಿಟ್ಟೆ. ಗಂಗಾಧರೇಶ್ವರನ ಲಿಂಗದ ಮೇಲೆ ಹಾಕಿದ ತುಪ್ಪ ಬೆಣ್ಣೆಯಾಗುತ್ತೆ ಅಂತಾರಲ್ಲ, ತುಪ್ಪ ಮನೆಯಿಂದಲೇ ಒಯ್ಯಬೇಕಾ?

ಕಲ್ಲುಮೆಟ್ಟಿಲು:
ಮನೆಯದೇ ಒಳ್ಳೇದು, ಹಸುವಿನ ತುಪ್ಪ, ಒಂದು ಸಣ್ಣ ಬಟ್ಟಲಷ್ಟು ಸಾಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬ್ಯಾಗಿನೊಳಗಿಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿಗಳು ಬಿಡಲ್ಲ, ಒಳಗೆ ಏನಿದೆ ಅಂತ ನೋಡೋದು ಕಿತ್ಕೊಂಡ ಮೇಲೆ.

ಅರ್ಚಕರು ತುಪ್ಪವನ್ನು ಲಿಂಗದ ಮೇಲೆ ಹಾಕಿ ಉಜ್ಜುತ್ತಾರೆ. ಹಳದಿ ತುಪ್ಪ ನೋಡ್ತಾ ನೋಡ್ತಾ ಬಿಳಿಚಿಕೊಂಡು ಮೆತ್ತಗಿನ ಮುದ್ದೆಯಾಗುತ್ತೆ. ಭಕ್ತರಿಗೆ ಅದು ಮಹಿಮೆ, ಆ ಮಾತಿಗೆ ನಾನು ಹೋಗಲ್ಲ. ವಸ್ತುವಿನ ಲೆಕ್ಕದಲ್ಲಿ ಹೇಳೋದಾದರೆ ಕರಗಿದ ಜಿಡ್ಡು ತಂಪು ಕಲ್ಲಿಗೆ ತಾಗಿ, ಉಜ್ಜುವಾಗ ನುಣ್ಣನೆ ಹರಳುಗಟ್ಟಿದರೆ ಬೆಳ್ಳಗೆ ಕಾಣುತ್ತೆ. ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿರುತ್ತೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಭಿಷೇಕದ ತೇವ ಸೇರಿದರೆ ಅದು ತುಪ್ಪದ ಹಾಗೆ ತಿಂಗಳುಗಟ್ಟಲೆ ಇರಲ್ಲ. ಔಷಧಿ ಅಂತ ವರ್ಷವಿಡೀ ಇಟ್ಟುಕೊಳ್ಳೋರಿದ್ದಾರೆ, ಕಮಟು ವಾಸನೆ ಬಂದದ್ದನ್ನ ತಿನ್ನಬೇಡಿ.

ಶಾಸನಪ್ರಿಯ:
ತುದಿಯವರೆಗೆ ಹೋದರೆ 'ಶಾಂತಲಾ ಡ್ರಾಪ್' ತೋರಿಸ್ತಾರೆ, ಹೊಯ್ಸಳ ರಾಣಿ ಶಾಂತಲೆ ಅಲ್ಲಿಂದ ಹಾರಿದಳು ಅಂತ. ಶ್ರವಣಬೆಳಗೊಳದ ಶಾಸನದ ಪ್ರಕಾರ ಆಕೆ ತೀರಿಕೊಂಡಿದ್ದು ಶಿವಗಂಗೆಯಲ್ಲೇ, 1131ರಲ್ಲಿ. ಹಾರಿದ ಮಾತು ಅದರಲ್ಲಿಲ್ಲ. ಆ ಅಂಚಿನ ಹತ್ತಿರ ಗಾಳಿ ಜೋರು, ಕಂಬಿ ದಾಟಿ ಫೋಟೋ ತೆಗೆಯೋಕೆ ಹೋಗಬೇಡಿ.

ಗವಿಗನ್ನಡಿ:
ಬಸ್ಸಲ್ಲಿ ಬರೋದಾದರೆ ತುಮಕೂರು ರಸ್ತೆಯ ಡಾಬಸ್‌ಪೇಟೆಯಲ್ಲಿ ಇಳೀರಿ, ಅಲ್ಲಿಂದ ಬೆಟ್ಟದ ಬುಡಕ್ಕೆ ಆಟೋ. ವಾಪಸ್ ಬರೋಕೆ ಅದೇ ಆಟೋದವರಿಗೆ ಸಮಯ ಹೇಳಿಟ್ಟಿರಿ. ಇಳಿದು ಬಂದ ಕಾಲಲ್ಲಿ ಅಮ್ಮನ್ನ ಬಸ್ಸಿಗಾಗಿ ನಿಲ್ಲಿಸಬೇಡಿ.